ಕ್ರಯಪತ್ರದೊಳಗಿನ ಊರು–ಕೇರಿ

ಇದು ಉದ್ದದ ಪೋಸ್ಟು, ಪುರುಸೊತ್ತಾಗಿ ಓದಿ. ಅಮೆರಿಕದಲ್ಲಿರೋ ನಮ್ಮ ಹುಡುಗ ಹುಡುಗಿಯರು ಈಗ ಮನೆ ಕೊಳ್ಳೋ ಹಂತಕ್ಕೆ ಬಂದಿದ್ದಾರೆ. ಬೆಂಗಳೂರು ಮೈಸೂರಲ್ಲಿ ಫ್ಲ್ಯಾಟಿಗೆ ಅಡ್ವಾನ್ಸ್ ಕೊಡ್ತಿರೋರೂ ನಮ್ಮಲ್ಲಿದ್ದಾರೆ. ಇಬ್ಬರಿಗೂ ಬೇಕಾದ ಚರಿತ್ರೆ ಇದು ಅಂತ ಬರೀತಿದ್ದೀನಿ.

ಕ್ಯಾಲಿಫೋರ್ನಿಯಾದಲ್ಲಿ ಅಸೋಸಿಯೇಷನ್ ಇರೋ ಬಡಾವಣೆಯಲ್ಲಿ ಮನೆ ಕೊಳ್ಳೋಕೆ ಹೋದರೆ, ಮಾರುವವರು ನಿಮ್ಮ ಕೈಗೆ ಒಂದು ಕಟ್ಟು ಕಾಗದ ಕೊಡಲೇಬೇಕು. ಕಾನೂನೇ ಹಾಗಿದೆ. ಬಡಾವಣೆಯ ಮೂಲ ಕರಾರು, ಬೈಲಾ, ನಿಯಮಗಳು, ಬಜೆಟ್ಟು, ತಿಂಗಳ ವಂತಿಗೆ ಎಷ್ಟು, ಬಾಕಿ ಎಷ್ಟು ಅಂತ ನೂರಾರು ಪುಟ. ಹೆಚ್ಚಿನವರು ಓದಲ್ಲ, ಸೈನ್ ಮಾಡಿ ಕಳಿಸ್ತಾರೆ. ಆದರೆ ಆ ಕರಾರಿನ ಮೊದಲ ಪುಟದಲ್ಲಿ ಒಂದು ಸೂಚನೆ ಇರುತ್ತೆ, ಕನಿಷ್ಠ 14 ಪಾಯಿಂಟ್ ದಪ್ಪಕ್ಷರದಲ್ಲಿ. ಅಕ್ಷರದ ಗಾತ್ರವನ್ನೂ ಕಾನೂನೇ ಗೊತ್ತು ಮಾಡಿದೆ. ತಾತ್ಪರ್ಯ ಇಷ್ಟು: ಈ ದಾಖಲೆಯೊಳಗೆ ಜನಾಂಗ, ಬಣ್ಣ, ಧರ್ಮ, ಲಿಂಗ, ವಂಶ ಇತ್ಯಾದಿ ಆಧಾರದ ಮೇಲೆ ಯಾರನ್ನಾದರೂ ಹೊರಗಿಡುವ ಷರತ್ತು ಇದ್ದರೆ ಅದು ಅಸಿಂಧು, ಅದನ್ನು ತೆಗೆಸಿಹಾಕಬಹುದು.

ಮನೆ ಮಾರೋ ಕಾಗದಕ್ಕೆ ಯಾಕಪ್ಪಾ ಇಂಥ ಎಚ್ಚರಿಕೆ? ಯಾಕಂದ್ರೆ ಒಳಗೆ ಅಂಥ ಷರತ್ತು ನಿಜಕ್ಕೂ ಇರಬಹುದು. ಟೈಪ್ ಮಾಡಿ, ಸಾಕ್ಷಿ ಹಾಕಿಸಿ, ನೋಂದಣಿ ಮಾಡಿಸಿದ ಷರತ್ತು. ನಮ್ಮೂರಲ್ಲಿ ಊರು ಎಲ್ಲಿ ಮುಗಿದು ಕೇರಿ ಎಲ್ಲಿ ಶುರುವಾಗುತ್ತೆ ಅಂತ ಯಾವ ಪತ್ರದಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತು. ಅಮೆರಿಕದ ಬಿಳಿಯರು ಅದನ್ನು ಬರೆದಿಟ್ಟರು.

1910ರಲ್ಲಿ ಮಿನ್ನಿಯಾಪೊಲಿಸ್ ನಗರದ ಒಂದು ಮನೆಯ ಕ್ರಯಪತ್ರದಲ್ಲಿ, ಈ ಸ್ವತ್ತನ್ನು ಚೀನೀ, ಜಪಾನಿ, ಮೂರಿಶ್, ಟರ್ಕಿಶ್, ನೀಗ್ರೋ, ಮಂಗೋಲ್ ಅಥವಾ ಆಫ್ರಿಕನ್ ರಕ್ತದವರಿಗೆ ಮಾರಕೂಡದು, ಅಡ ಇಡಕೂಡದು, ಬಾಡಿಗೆ ಕೊಡಕೂಡದು ಅಂತ ಬರೆದರು. ಆ ಊರಿನ ದಾಖಲೆಗಳಲ್ಲಿ ಸಿಕ್ಕ ಮೊದಲ ಇಂಥ ಷರತ್ತು ಅದು. ಮಾರಿದವನಿಗೂ ಕೊಂಡವನಿಗೂ ಮುಗಿಯೋ ಮಾತಲ್ಲ ಇದು. ಷರತ್ತು ನೆಲಕ್ಕೆ ಅಂಟಿಕೊಳ್ಳುತ್ತೆ. ನಾಳೆ ಆ ಮನೆ ಯಾರ ಕೈಗೆ ಹೋದರೂ ಅವರಿಗೂ ಅದು ಕಟ್ಟು. ಜಾತಿ ಮನುಷ್ಯನಿಗೆ ಅಂಟೋದು ನಮಗೆ ಗೊತ್ತು. ಇಲ್ಲಿ ಮಣ್ಣಿಗೇ ಅಂಟಿಸಿದ್ದರು. ಇನ್ನೊಂದು ಗಮನಿಸಿ: ಇಂಥ ಎಷ್ಟೋ ಕರಾರುಗಳಲ್ಲಿ ಒಂದು ವಿನಾಯಿತಿ ಇರ್ತಿತ್ತು. ಮನೆಗೆಲಸದವರಾಗಿ ಕರಿಯರು ಒಳಗೆ ಇರಬಹುದು! ಪಾತ್ರೆ ತೊಳೆಯೋಕೆ ಬಂದರೆ ಪರವಾಗಿಲ್ಲ, ಮನೆ ಕೊಳ್ಳೋಕೆ ಬಂದರೆ ಮಾತ್ರ ಊರು ಕೆಡುತ್ತೆ. ಈ ತರ್ಕವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

1917ರಲ್ಲಿ ಎರಡು ಸಂಗತಿ ನಡೆದವು. ಕೊಲಂಬಿಯಾ, ಲಂಡನ್ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಉಳಿಯೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಖಾಲಿ ಮಾಡಿಸಿತು. ಅವರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಇದು ಗೊತ್ತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬುಕಾನನ್ ವರ್ಸಸ್ ವಾರ್ಲಿ ತೀರ್ಪು ಕೊಟ್ಟಿತು. ಲೂಯಿವಿಲ್ ನಗರಸಭೆ ಬಿಳಿಯರ ಬೀದಿ ಬೇರೆ, ಕರಿಯರ ಬೀದಿ ಬೇರೆ ಅಂತ ಕಾನೂನು ಮಾಡಿತ್ತು. ಕೋರ್ಟು ಅದನ್ನು ರದ್ದು ಮಾಡಿತು. ಸಮಾನತೆಗಿಂತ ಹೆಚ್ಚಾಗಿ, ಆಸ್ತಿ ಮಾರುವವನ ಹಕ್ಕನ್ನು ನಗರಸಭೆ ಕಿತ್ತುಕೊಳ್ಳೋ ಹಾಗಿಲ್ಲ ಅನ್ನೋ ಆಧಾರದ ಮೇಲೆ.

ಸರಿ, ಸರ್ಕಾರ ಗೆರೆ ಎಳೆಯೋ ಹಾಗಿಲ್ಲ. ಆದರೆ ಖಾಸಗಿಯವರು ತಮ್ಮ ತಮ್ಮಲ್ಲೇ ಕರಾರು ಮಾಡಿಕೊಂಡರೆ? 1926ರ ಕೊರಿಗನ್ ವರ್ಸಸ್ ಬಕ್ಲಿ ಪ್ರಕರಣದಲ್ಲಿ, ಅದು ಖಾಸಗಿ ವಿಷಯ, ಸಂವಿಧಾನಕ್ಕೆ ಸಂಬಂಧಿಸಿದ್ದಲ್ಲ ಅಂತ ಅದೇ ಕೋರ್ಟು ಕೈತೊಳೆದುಕೊಂಡಿತು. ಆಮೇಲೆ ಊರೂರಲ್ಲೂ ಕರಾರುಗಳ ಮಳೆ.

ಅಸೋಸಿಯೇಷನ್ ಅನ್ನೋದು ಮುಖ್ಯಪಾತ್ರವಾಗಿ ಬರೋದು ಇಲ್ಲಿ. ಕರಾರು ಬರೆದರೆ ಸಾಲದು, ಕಾಯೋರು ಬೇಕಲ್ಲ? ಕಾನ್ಸಾಸ್ ಸಿಟಿಯಲ್ಲಿ ಜೆ.ಸಿ. ನಿಕೋಲ್ಸ್ ಅಂತ ಒಬ್ಬ ಬಿಲ್ಡರ್. ಕಂಟ್ರಿ ಕ್ಲಬ್ ಡಿಸ್ಟ್ರಿಕ್ಟ್ ಅನ್ನೋ ಭಾರೀ ಬಡಾವಣೆ ಕಟ್ಟಿದವನು. ಮರ, ಕಾರಂಜಿ, ಅಗಲ ರಸ್ತೆ, ನೋಡೋಕೆ ಚೆಂದ. ಅವನ ಕರಾರುಗಳಲ್ಲಿ ಕರಿಯರಿಗೆ ಮನೆ ಇಲ್ಲ. ಅದರ ಜೊತೆಗೆ ಅವನು ಎರಡು ಕೆಲಸ ಮಾಡಿದ. ಒಂದು, ಮನೆ ಕೊಂಡವರೆಲ್ಲ ವಂತಿಗೆ ಕೊಡಬೇಕಾದ ಮನೆಮಾಲೀಕರ ಸಂಘ ಕಟ್ಟಿ, ಕರಾರು ಜಾರಿ ಮಾಡೋ ಅಧಿಕಾರವನ್ನು ಅದಕ್ಕೆ ಕೊಟ್ಟ. ಎರಡು, ಕರಾರಿನ ಅವಧಿ ಮುಗಿದರೆ ಅದು ತನ್ನಷ್ಟಕ್ಕೆ ತಾನೇ ಮುಂದುವರಿಯೋ ಹಾಗೆ ಬರೆಸಿದ. ಬೇಡ ಅನ್ನೋದಾದರೆ ಬಹುಮತದ ಮಾಲೀಕರು ಅವಧಿ ಮುಗಿಯೋ ವರ್ಷಗಳ ಮೊದಲೇ ಸೇರಿ ಸಹಿ ಹಾಕಬೇಕು. ಯಾರು ಸೇರ್ತಾರೆ? ಕೆಡುಕು ಮುಂದುವರಿಯೋಕೆ ಯಾರೂ ಏನೂ ಮಾಡಬೇಕಿಲ್ಲ, ನಿಲ್ಲಿಸೋಕೆ ಮಾತ್ರ ಊರೆಲ್ಲ ಸೇರಬೇಕು. ನನ್ನ ಪ್ರಕಾರ ಇದು ಆ ಷರತ್ತಿಗಿಂತಲೂ ಚಾಣಾಕ್ಷ. 2020ರಲ್ಲಿ, ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ, ಕಾನ್ಸಾಸ್ ಸಿಟಿಯವರು ಅವನ ಹೆಸರಿನ ಕಾರಂಜಿಯಿಂದ ಹೆಸರು ತೆಗೆದರು. ಅವನು ಕಂಡುಹಿಡಿದ ಯಂತ್ರ ಮಾತ್ರ ಓಡ್ತಾನೇ ಇದೆ.

ಸರ್ಕಾರವೂ ಸುಮ್ಮನೆ ಕೂರಲಿಲ್ಲ. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಗೃಹಸಾಲಗಳಿಗೆ ವಿಮೆ ಕೊಡ್ತಿತ್ತು. ಯಾವ ಬಡಾವಣೆ ‘ಭದ್ರ’ ಅಂತ ಅಳೆಯೋ ಅದರ ಕೈಪಿಡಿ, ಇಂಥ ಜನಾಂಗೀಯ ಕರಾರು ಇರೋದು ಒಳ್ಳೆಯದು ಅಂತ ಶಿಫಾರಸು ಮಾಡ್ತಿತ್ತು. ಸರ್ಕಾರದ ದುಡ್ಡಿನ ಬೆಂಬಲದಲ್ಲಿ ಬಿಳಿ ಬಡಾವಣೆಗಳು ಬೆಳೆದವು, ಬಿಳಿಯರ ಮಕ್ಕಳಿಗೆ ಆಸ್ತಿ ಆಯಿತು. ಕರಿಯರ ಮಕ್ಕಳಿಗೆ ಬಾಡಿಗೆ ಚೀಟಿ.

ಈಗ ನಮ್ಮ ದೇಶದವರ ಕಥೆಗೆ ಬರೋಣ, ಯಾಕಂದ್ರೆ ಇದನ್ನು ಅಲ್ಲಿನ ‘ಇಂಡಿಯನ್ ಕಮ್ಯುನಿಟಿ’ ಸಮಾರಂಭಗಳಲ್ಲಿ ಯಾರೂ ಹೇಳಲ್ಲ. ಅಮೃತಸರ ಕಡೆಯ ಭಗತ್ ಸಿಂಗ್ ಥಿಂಡ್ (ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ) ಅಮೆರಿಕದ ಸೇನೆಯಲ್ಲಿ ದುಡಿದವರು, ಪೌರತ್ವ ಕೇಳಿದರು. ಆಗ ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ. ಅವರ ಪರ ವಾದ ಏನಿತ್ತು ಗೊತ್ತಾ? ನಾನು ಮೇಲ್ಜಾತಿಯವನು, ಆರ್ಯ ವಂಶದವನು, ಆದ್ದರಿಂದ ಬಿಳಿಯ! ನಿಮ್ಮ ಬಿಳಿಯರು ಮದುವೆ ವಿಷಯದಲ್ಲಿ ನೀಗ್ರೋಗಳನ್ನು ಹೇಗೆ ನೋಡ್ತೀರೋ, ಮೇಲ್ಜಾತಿ ಹಿಂದೂ ಅಲ್ಲಿನ ಮೂಲನಿವಾಸಿಗಳನ್ನು ಹಾಗೇ ನೋಡ್ತಾನೆ ಅನ್ನೋ ಅರ್ಥದ ಮಾತು ಕೂಡ ಆ ವಾದದಲ್ಲಿತ್ತು. ಜಾತಿಯನ್ನೇ ಸರ್ಟಿಫಿಕೇಟ್ ಮಾಡಿಕೊಂಡು ಹೋಗಿದ್ದರು. 1923ರಲ್ಲಿ ಸುಪ್ರೀಂ ಕೋರ್ಟು, ಆರ್ಯ ಗೀರ್ಯ ಏನೇ ಇರಲಿ, ಸಾಮಾನ್ಯ ಬಿಳಿಯನ ಕಣ್ಣಲ್ಲಿ ನೀವು ಬಿಳಿಯರಲ್ಲ ಅಂತ ಕಳಿಸಿತು.

ಪೆಶಾವರದಿಂದ 1915ರಲ್ಲಿ ಹೋದ ವೈಷ್ಣೋ ದಾಸ್ ಬಾಗಾಯ್ ಅವರದು ಇನ್ನೂ ದಾರುಣ. ದುಡ್ಡಿದ್ದ ಕುಟುಂಬ. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ತುಂಬಿಕೊಂಡು ಹೋದರೆ, ಒಳಗೆ ಕಾಲಿಡದ ಹಾಗೆ ನೆರೆಯವರು ಮನೆಗೆ ಬೀಗ ಹಾಕಿದ್ದರು. ಬಂದ ದಾರಿಯಲ್ಲೇ ವಾಪಸ್. ಥಿಂಡ್ ತೀರ್ಪಿನ ನಂತರ ಅವರ ಪೌರತ್ವವನ್ನೂ ಕಿತ್ತುಕೊಂಡರು. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಅದೇ 1928ರಲ್ಲಿ ಸಿಯಾಟಲ್‌ನ ಬ್ರಾಡ್‌ಮೂರ್ ಅನ್ನೋ ಗೇಟಿನೊಳಗಿನ ಬಡಾವಣೆಯ ಕರಾರಿನಲ್ಲಿ ಯಹೂದಿ, ಇಥಿಯೋಪಿಯನ್, ಮಲಯ್ ಮತ್ತು ಯಾವುದೇ ‘ಏಷ್ಯಾಟಿಕ್’ ಜನಾಂಗದವರು ಇಲ್ಲಿ ವಾಸ ಮಾಡಕೂಡದು ಅಂತ ಬರೆದರು. ಅಲ್ಲಿಗೆ ಹೋದ ಬ್ರಾಹ್ಮಣನೂ ಆ ಲೆಕ್ಕದಲ್ಲಿ ಹೊರಗೇ. ಒಂದು ತಲೆಮಾರಿನಲ್ಲಿ ಅದು ಮರೆತುಹೋಯಿತು ಅನ್ನೋದೇ ಆಶ್ಚರ್ಯ.

ಇನ್ನು ಶೆಲ್ಲಿ ಕುಟುಂಬ. ಜೆ.ಡಿ. ಶೆಲ್ಲಿ, ಎಥೆಲ್ ಶೆಲ್ಲಿ, ಆರು ಮಕ್ಕಳು. ಮಿಸಿಸಿಪ್ಪಿಯಿಂದ ಸೇಂಟ್ ಲೂಯಿಸ್‌ಗೆ ದುಡಿಯೋಕೆ ಬಂದವರು. 1945ರಲ್ಲಿ ಲಬಾಡಿ ಅವೆನ್ಯೂನಲ್ಲಿ ಒಂದು ಮನೆ ಕೊಂಡರು. 1911ರಲ್ಲೇ ಆ ಬೀದಿಯ 39 ಮಾಲೀಕರಲ್ಲಿ 30 ಜನ, 50 ವರ್ಷ ಯಾವ ಕರಿಯನಿಗೂ ಮಂಗೋಲ್ ಜನಾಂಗದವನಿಗೂ ಇಲ್ಲಿ ಜಾಗ ಇಲ್ಲ ಅಂತ ಕರಾರು ಮಾಡಿಕೊಂಡಿದ್ದರು. ತಮಾಷೆ ಅಂದ್ರೆ, ಕರಾರು ಬರೆಯೋ ಹೊತ್ತಿಗೆ ಆ ಬೀದಿಯ ಐದು ಸ್ವತ್ತುಗಳು ಕರಿಯರದ್ದೇ ಆಗಿದ್ದವು, ಒಂದರಲ್ಲಿ 1882ರಿಂದ ಕರಿಯ ಕುಟುಂಬಗಳು ಇದ್ದವು. ಇದ್ದವರನ್ನು ಇಲ್ಲ ಅಂತ ಬರೆದ ಕಾಗದ ಅದು.

ಈ ಪೋಸ್ಟಿಗೆ ಮುಖ್ಯವಾದ ವಿವರ ಇಲ್ಲಿದೆ: ಕೊಳ್ಳುವಾಗ ಶೆಲ್ಲಿ ದಂಪತಿಗೆ ಆ ಕರಾರು ಇರೋದೇ ಗೊತ್ತಿರಲಿಲ್ಲ. ವಿಚಾರಣಾ ಕೋರ್ಟೇ ಇದನ್ನು ದಾಖಲಿಸಿದೆ. ಮನೆ ತೋರಿಸಿದ ವ್ಯಾಪಾರಿ ತಾನೇ ಅದರ ನಿಜವಾದ ಮಾಲೀಕ ಅನ್ನೋದನ್ನೂ ಮುಚ್ಚಿಟ್ಟಿದ್ದ, ಪತ್ರ ಇನ್ನೊಬ್ಬರ ಹೆಸರಲ್ಲಿತ್ತು. ಮನೆಗೆ ಹೋದ ಮೇಲೆ, ಹತ್ತು ಬೀದಿ ಆಚೆ ಇದ್ದ ಕ್ರೇಮರ್ ಅನ್ನೋ ಕುಟುಂಬ ಕೇಸು ಹಾಕಿತು. ಕೆಳ ಕೋರ್ಟಿನಲ್ಲಿ ಶೆಲ್ಲಿ ಗೆದ್ದರು, ಎಲ್ಲ ಮಾಲೀಕರೂ ಸಹಿ ಹಾಕಿಲ್ಲ ಅನ್ನೋ ತಾಂತ್ರಿಕ ಕಾರಣಕ್ಕೆ. ಮಿಸ್ಸೂರಿಯ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಜಾರ್ಜ್ ವಾನ್ ಅನ್ನೋ ಕರಿಯ ವಕೀಲರು ಕೇಸನ್ನು ವಾಷಿಂಗ್ಟನ್‌ವರೆಗೂ ಒಯ್ದರು. ಅವರ ತಂದೆ ಗುಲಾಮರಾಗಿದ್ದವರು. ಜೊತೆಗಿದ್ದ ಡೆಟ್ರಾಯಿಟ್ ಪ್ರಕರಣವನ್ನು ತರ್ಗುಡ್ ಮಾರ್ಷಲ್ ವಾದಿಸಿದರು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ಹಿಂದೆ ಸರಿದರು. ಕಾರಣ ಹೇಳಲಿಲ್ಲ, ಅವರ ಮನೆಗಳ ಪತ್ರದಲ್ಲೂ ಅಂಥದೇ ಕರಾರು ಇದ್ದಿರಬೇಕು ಅನ್ನೋ ಮಾತು ಆವತ್ತಿನಿಂದ ಇದೆ. 1948ರ ಮೇ 3ರಂದು ಉಳಿದ ಆರೂ ಜನ ಒಮ್ಮತದಿಂದ ಹೇಳಿದರು: ಇಂಥ ಕರಾರನ್ನು ಕೋರ್ಟು ಜಾರಿ ಮಾಡೋ ಹಾಗಿಲ್ಲ, ಯಾಕಂದ್ರೆ ಕೋರ್ಟು ಜಾರಿ ಮಾಡಿದರೆ ಅದು ಸರ್ಕಾರವೇ ಮಾಡಿದ ತಾರತಮ್ಯ.

ಆದರೆ ಆ ತೀರ್ಪು ಕರಾರು ಬರೆಯೋದೇ ತಪ್ಪು ಅನ್ನಲಿಲ್ಲ. ನೀವು ನೀವೇ ಸ್ವಇಚ್ಛೆಯಿಂದ ಪಾಲಿಸೋದಾದರೆ ಪಾಲಿಸಿ ಅಂತ ಬಿಟ್ಟಿತು. ಹಾಗಾಗಿ ಬರೆಯೋದು ನಿಲ್ಲಲಿಲ್ಲ. ಕೈಪಿಡಿ ಬರೆದ ಫೆಡರಲ್ ಸಂಸ್ಥೆ ಅಂಥ ಹೊಸ ಕರಾರುಗಳಿಗೆ ವಿಮೆ ನಿಲ್ಲಿಸಿದ್ದು 1950ರ ಫೆಬ್ರವರಿಯಲ್ಲಿ. ಪೂರ್ತಿ ಅಕ್ರಮ ಆಗಿದ್ದು 1968ರ ಏಪ್ರಿಲ್‌ನ ಫೇರ್ ಹೌಸಿಂಗ್ ಕಾಯ್ದೆಯಿಂದ, ಅದೂ ಡಾ. ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ. ಒಂದು ಹೆಣ ಬೀಳಬೇಕಿತ್ತು.

ಅಕ್ರಮ ಆದರೂ ಕಾಗದ ರಿಜಿಸ್ಟ್ರಾರ್ ಕಪಾಟಿನಲ್ಲೇ ಉಳಿಯಿತು. 2016ರಿಂದ ಮಿನ್ನಿಸೋಟ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಪ್ರೆಜುಡಿಸ್’ ಅನ್ನೋ ತಂಡ ಸ್ವಯಂಸೇವಕರನ್ನು ಕೂರಿಸಿಕೊಂಡು ಹಳೇ ಕ್ರಯಪತ್ರಗಳನ್ನು ಒಂದೊಂದಾಗಿ ಓದಿಸಿ, ಮಿನ್ನಿಯಾಪೊಲಿಸ್ ನಗರವೊಂದರಲ್ಲೇ ಸುಮಾರು 8,000 ಕರಾರು ಹೊರತೆಗೆಯಿತು, ನಕ್ಷೆಯ ಮೇಲೆ ಗುರುತು ಹಾಕಿತು. ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿ, ಪ್ರತಿ ಕೌಂಟಿಯ ದಾಖಲೆ ಕಚೇರಿ ಇಂಥ ಷರತ್ತುಗಳನ್ನು ಹುಡುಕಿ ತೆಗೆಯೋ ಕೆಲಸ ಶುರು ಮಾಡಬೇಕು ಅಂದಿತು. ಆ 14 ಪಾಯಿಂಟ್ ದಪ್ಪಕ್ಷರದ ಹಿಂದೆ ಇಷ್ಟು ಕಥೆ ಇದೆ.

ಬರೆದಿದ್ದನ್ನು ಹುಡುಕಬಹುದು. ಬರೆಯದೇ ಮಾಡಿದ್ದನ್ನು? ಓಹಾಯೋ ರಾಜ್ಯದ ಶೇಕರ್ ಹೈಟ್ಸ್‌ನಲ್ಲಿ ವಾನ್ ಸ್ವೆರಿಂಜೆನ್ ಅನ್ನೋ ಸಹೋದರರ ಕಂಪನಿ 1925ರ ಹೊತ್ತಿಗೇ ಬೇರೆ ದಾರಿ ಹುಡುಕಿತ್ತು. ಅವರ ಕರಾರಿನಲ್ಲಿ ಕರಿಯ, ಯಹೂದಿ ಅನ್ನೋ ಶಬ್ದವೇ ಇಲ್ಲ. ಇರೋದು ಒಂದೇ ಷರತ್ತು: ಮನೆಯನ್ನು ಮರುಮಾರಾಟ ಮಾಡಬೇಕಾದರೆ ಕಂಪನಿಯ ಒಪ್ಪಿಗೆ ಬೇಕು, ಇಲ್ಲವೇ ಸುತ್ತಮುತ್ತಲ ಮಾಲೀಕರ ಬಹುಮತದ ಒಪ್ಪಿಗೆ ಬೇಕು. ಎಷ್ಟು ಸಭ್ಯ! ಯಾರ ಹೆಸರೂ ಎತ್ತದೆ ಯಾರನ್ನು ಬೇಕಾದರೂ ಹೊರಗಿಡಬಹುದು. ಜಾತಿಯ ಜೊತೆ ಬದುಕಿದ ನಮಗೆ ಸೇಂಟ್ ಲೂಯಿಸ್‌ಗಿಂತ ಶೇಕರ್ ಹೈಟ್ಸ್ ಹತ್ತಿರ. ನಮ್ಮೂರ ಸಂಘದ ಕಾಗದದಲ್ಲೂ ನಮ್ಮ ಹೆಸರು ಇರಲ್ಲ, ‘ಸಮಿತಿಯ ಒಪ್ಪಿಗೆ’ ಇರುತ್ತೆ.

1964ರಲ್ಲಿ ಅದೇ ಫೆಡರಲ್ ಹೌಸಿಂಗ್ ಸಂಸ್ಥೆ ಮತ್ತು ನಿಕೋಲ್ಸ್ ಸ್ಥಾಪಕರಲ್ಲಿ ಒಬ್ಬನಾಗಿದ್ದ ಅರ್ಬನ್ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಸೇರಿ, ಮನೆಮಾಲೀಕರ ಸಂಘ ಕಟ್ಟೋದು ಹೇಗೆ ಅನ್ನೋ ದಪ್ಪ ಪುಸ್ತಕ ತಂದವು. ಇವತ್ತು ಅಮೆರಿಕದಲ್ಲಿ ಇಂಥ ಸಂಘಗಳು 3.5 ಲಕ್ಷಕ್ಕೂ ಹೆಚ್ಚು. ಎಲ್ಲವೂ ಜನಾಂಗೀಯವಾದಿ ಅಂತ ನಾನು ಹೇಳ್ತಿಲ್ಲ; ಈಜುಕೊಳ ತೊಳೆಸೋದು, ಹುಲ್ಲು ಕತ್ತರಿಸೋದೇ ಬಹಳಷ್ಟರ ಕೆಲಸ. ಆದರೆ ಪಕ್ಕದ ಮನೆಯವನು ಯಾರಾಗಬೇಕು, ಹೇಗಿರಬೇಕು ಅಂತ ತೀರ್ಮಾನಿಸೋ ಆ ಚೌಕಟ್ಟು ಎಲ್ಲಿಂದ ಬಂತು ಅನ್ನೋದು ನಮ್ಮವರಿಗೆ ಗೊತ್ತಿರಬೇಕು.

ನಮ್ಮ ದೇಶದಲ್ಲಿ? ಇಲ್ಲೂ ಒಂದು ಕಡೆ ಬರೆದಿದ್ದರು. ಅಹಮದಾಬಾದಿನ ಜೊರೊಆಸ್ಟ್ರಿಯನ್ ಸಹಕಾರಿ ಗೃಹ ನಿರ್ಮಾಣ ಸಂಘ 1926ರಲ್ಲಿ ನೋಂದಣಿಯಾದದ್ದು, ಅದರ ಬೈಲಾ ಪ್ರಕಾರ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ. ಸದಸ್ಯರೊಬ್ಬರು ಹೊರಗಿನವರಿಗೆ ಮಾರಲು ಹೊರಟಾಗ ವ್ಯಾಜ್ಯ ಶುರುವಾಯಿತು. ಗುಜರಾತ್ ಹೈಕೋರ್ಟಿನಲ್ಲಿ ಸಂಘ ಸೋತಿತು. 2005ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಸಂಘ ಕಟ್ಟಿಕೊಳ್ಳೋದು ಮೂಲಭೂತ ಹಕ್ಕು, ಕಾಯ್ದೆ ನಿಷೇಧಿಸದಿರುವಾಗ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತ ಮಾಡಿದ ಬೈಲಾ ಸರಿಯಾಗೇ ಇದೆ ಅಂದಿತು. ಅಂದರೆ ಅಮೆರಿಕ 1926ರಲ್ಲಿ ನಿಂತಿದ್ದ ಜಾಗದಲ್ಲಿ ನಾವು 2005ರಲ್ಲಿ ನಿಂತೆವು. ಪಾರ್ಸಿಗಳು ಸಣ್ಣ ಅಲ್ಪಸಂಖ್ಯಾತರು, ಅವರ ಭಯ ನನಗೆ ಅರ್ಥ ಆಗುತ್ತೆ. ಆದರೆ ಆ ತೀರ್ಪಿನ ಬಾಗಿಲಲ್ಲಿ ಯಾವ ಮೇಲ್ಜಾತಿ ಸಂಘವೂ ನುಗ್ಗಬಹುದಲ್ಲ!

ಬಾಬಾಸಾಹೇಬರು ಇದಕ್ಕೆ ಒಂದು ದಾರಿ ಇಟ್ಟುಹೋಗಿದ್ದರು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯಿಂದ ಯಾರನ್ನೂ ತಡೆಯಬಾರದು ಅನ್ನುತ್ತೆ, ಖಾಸಗಿಯವರಿಗೂ ಅನ್ವಯ. 1948ರ ನವೆಂಬರಿನಲ್ಲಿ, ಶೆಲ್ಲಿ ತೀರ್ಪು ಬಂದು ಆರು ತಿಂಗಳಿಗೆ, ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಅಂದರೆ ಏನು ಅನ್ನೋ ಪ್ರಶ್ನೆ ಬಂತು. ಸಾಮಾನು ಮಾರೋ ಜಾಗ ಮಾತ್ರವಲ್ಲ, ಸೇವೆ ಕೊಡೋಕೆ ತೆರೆದಿಟ್ಟ ಯಾವ ಜಾಗವೂ ಸೇರುತ್ತೆ ಅನ್ನೋ ವಿಶಾಲ ಅರ್ಥ ಅವರು ಕೊಟ್ಟರು. 2011ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ವಿಶಾಲ ಅರ್ಥವನ್ನು ಎತ್ತಿಹಿಡಿಯಿತು. ಮನೆ ಮಾರುಕಟ್ಟೆಗೂ ಅದನ್ನು ಚಾಚಬೇಕು ಅಂತ ಕೇಳೋ ಕೆಲಸ ಬಾಕಿ ಇದೆ. ನಮ್ಮ ವಕೀಲ ಗೆಳೆಯರು ಇದನ್ನು ತಲೆಗೆ ಹಾಕಿಕೊಳ್ಳಿ. ಫೇರ್ ಹೌಸಿಂಗ್ ಅನ್ನೋ ತರದ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಮನೆಯಿಂದ, ಊರಿಂದ ಬಿಡಿಸಿ ಓಡಿಸಿದರೆ ದೌರ್ಜನ್ಯ ತಡೆ ಕಾಯ್ದೆ ಇದೆ. ಮೊದಲೇ ಒಳಗೆ ಬಿಡದಿದ್ದರೆ ಹಿಡಿಯೋದು ಕಷ್ಟ.

ಹಾಗಾಗಿ ದುಡ್ಡು ಕಟ್ಟೋ ಮುಂಚೆ ಕಾಗದ ಕೇಳಿ. ಕರ್ನಾಟಕದಲ್ಲಿ ಫ್ಲ್ಯಾಟ್ ಅಂದರೆ ಮೊದಲು ನೋಡಬೇಕಾದ್ದು, ಸಂಘ ಯಾವ ಕಾಯ್ದೆಯಡಿ ಇದೆ ಅಂತ. 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಡಿ ಆದರೆ ಫ್ಲ್ಯಾಟು ನಿಮ್ಮ ಸ್ವಂತ ಸ್ಥಿರಾಸ್ತಿ, ಮಾಲೀಕರಾದರೆ ಸದಸ್ಯರಾದ ಹಾಗೆ. ಸಹಕಾರಿ ಗೃಹ ನಿರ್ಮಾಣ ಸಂಘ ಆದರೆ ಸದಸ್ಯತ್ವ ಕೊಡೋದು ಸಂಘ, 2005ರ ತೀರ್ಪಿನ ನೆರಳು ಬೀಳೋದು ಅಲ್ಲೇ. ‘ಡೀಡ್ ಆಫ್ ಡಿಕ್ಲರೇಷನ್’ ಮತ್ತು ಬೈಲಾ ಎರಡರ ಪ್ರತಿಯನ್ನೂ ತೊಗೊಳ್ಳಿ. ಅದು ಆಮೇಲೆ ಆಗುತ್ತೆ ಸಾರ್ ಅಂತ ಬಿಲ್ಡರ್ ಅಂದರೆ ಅಡ್ವಾನ್ಸೂ ಆಮೇಲೇ ಆಗಲಿ. ಮಾರಾಟಕ್ಕೆ, ಬಾಡಿಗೆಗೆ ಯಾರ ಎನ್‌ಒಸಿ ಬೇಕು, ಕೊಡದಿದ್ದರೆ ಕಾರಣ ಬರೆದು ಕೊಡಬೇಕಾ, ಅಡುಗೆಮನೆಯಲ್ಲಿ ಏನು ಬೇಯಿಸಬೇಕು ಅನ್ನೋ ಮಾತು ‘ಪರಿಸರದ ಶಾಂತಿ’, ‘ಸಂಸ್ಕೃತಿ’ ಅನ್ನೋ ಹೆಸರಲ್ಲಿ ಎಲ್ಲಾದರೂ ಅಡಗಿದೆಯಾ, ಕೆಲಸದವರಿಗೆ ಬೇರೆ ಲಿಫ್ಟ್ ಅನ್ನೋ ನಿಯಮ ಇದೆಯಾ ನೋಡಿ. ಕೊನೆಯದು ಇದ್ದರೆ ಆ ಕಟ್ಟಡದ ಮನಸ್ಸು ಹೇಗಿದೆ ಅಂತ ಬೇರೆ ಸಾಕ್ಷಿ ಬೇಡ.

ಅಮೆರಿಕದಲ್ಲಿರೋರು ಮುಖಪುಟದಲ್ಲಿ ‘ವಂಶ’ ಅನ್ನೋ ಶಬ್ದ ಇದೆಯಾ ನೋಡಿಕೊಳ್ಳಿ. ಸಿಯಾಟಲ್ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ಹೆಸರು ಹಿಡಿದು ನಿಷೇಧಿಸಿತು, ವಸತಿಯೂ ಸೇರಿ. ‘ಏಷ್ಯಾಟಿಕ್’ ಅಂತ ನಮ್ಮನ್ನೆಲ್ಲ ಹೊರಗಿಟ್ಟ ಬ್ರಾಡ್‌ಮೂರ್ ಇರೋದೂ ಅದೇ ಊರಲ್ಲಿ. ಕ್ಯಾಲಿಫೋರ್ನಿಯಾದ ಎಸ್‌ಬಿ 403 ಮಸೂದೆ ಎರಡೂ ಸದನ ದಾಟಿ ಬಂದರೂ ಗವರ್ನರ್ ನ್ಯೂಸಮ್ 2023ರ ಅಕ್ಟೋಬರ್‌ನಲ್ಲಿ ಸಹಿ ಹಾಕಲಿಲ್ಲ, ಈಗಿರೋ ಕಾನೂನಲ್ಲೇ ಜಾತಿ ತಾರತಮ್ಯಕ್ಕೆ ತಡೆ ಇದೆ ಅಂದರು. ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಸದ್ಯಕ್ಕೆ ನಮ್ಮ ಕೈಯಲ್ಲಿರೋ ಹಿಡಿ ‘ವಂಶ’ ಅನ್ನೋ ಆ ಶಬ್ದವೇ. ಆಮೇಲೆ ‘ಒಪ್ಪಿಗೆ’, ‘ಮೊದಲ ನಿರಾಕರಣೆಯ ಹಕ್ಕು’ ಅನ್ನೋ ಕಲಮುಗಳನ್ನು ಹುಡುಕಿ ಓದಿ. ವಂತಿಗೆ ಬಾಕಿ ಬಿದ್ದರೆ ಮನೆಯನ್ನೇ ಹರಾಜಿಗೆ ತರೋ ಅಧಿಕಾರ ಬಹಳಷ್ಟು ಸಂಘಗಳಿಗಿದೆ, ಅದರ ಮೊತ್ತ, ಗಡುವು ಗೊತ್ತಿರಲಿ. ಮಂಡಳಿಯ ಹಿಂದಿನ ಒಂದು ವರ್ಷದ ಸಭೆಯ ನಡಾವಳಿ ಕೇಳಿ ಪಡೆಯಿರಿ. ಬೈಲಾದಲ್ಲಿ ಸಭ್ಯವಾಗಿರೋದು ನಡಾವಳಿಯಲ್ಲಿ ಬಾಯಿಬಿಡುತ್ತೆ: ದಂಡ ಯಾರಿಗೆ ಬಿತ್ತು, ಯಾವ ಮನೆಯ ಅಡುಗೆ ವಾಸನೆ ಬಗ್ಗೆ ದೂರು ಬಂತು, ಯಾರ ಅರ್ಜಿ ಮೂರು ಸಲ ಮುಂದಕ್ಕೆ ಹೋಯಿತು.

ನಿಮ್ಮ ಬೈಲಾದಲ್ಲಿ ಇಂಥದ್ದು ಸಿಕ್ಕರೆ ಹೆಸರು, ಮನೆ ನಂಬರ್ ಮುಚ್ಚಿ ಆ ಪುಟದ ಫೋಟೋ ಇನ್‌ಬಾಕ್ಸ್‌ಗೆ ಹಾಕಿ. ಒಟ್ಟು ಮಾಡ್ತಿದ್ದೀನಿ.